ವೈಫೈಗೆ ಮಿನಿ ಯುಪಿಎಸ್ ಕೊಳ್ಳುವ ಕಲಬುರಗಿಯವರೇ, ಹುಷಾರ್

ಕರೆಂಟ್ ಹೋದಾಗಲೂ ವೈಫೈ ನಡೀಲಿ ಅಂತ ಮಿನಿ ಯುಪಿಎಸ್ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯವರು ನನಗೆ ಹಾಡಹಗಲೇ ಟೋಪಿ ಹಾಕಿದ್ದಾರೆ. ಅಂಗಡಿ ಹೆಸರು ಹಾಕಲ್ಲ. ಇಂಥ ಮಾಲು ಅಲ್ಲೊಂದೇ ಕಡೆ ಇರುತ್ತೆ ಅಂತ ನನಗಂತೂ ಅನಿಸಲ್ಲ.

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬ್ಯಾಟರಿ ಸಾಮರ್ಥ್ಯ 10000 ಎಂಎಎಚ್ ಅಂತಿತ್ತು. "ನಾಕ್ ತಾಸ್ ಆರಾಮ್ ನಡೀತದ್ರಿ ಸರ್, ಚಿಂತಿನೇ ಬ್ಯಾಡ್ರಿ" ಅಂದರು. ಪಕ್ಕಾ ಬಿಲ್ ಕೇಳಿದರೆ "ನಾವ್ ಎಲ್ಲಿ ಹೋಗ್ತೀವ್ರಿ, ಇಲ್ಲೇ ಇರ್ತೀವಲ್ರಿ" ಅಂತ ಕಚ್ಚಾ ಚೀಟಿ ಕೈಗಿಟ್ಟರು.

ರಾತ್ರಿಯಿಡೀ ಚಾರ್ಜ್ ಹಾಕಿದ್ದೆ. ಮಧ್ಯಾಹ್ನ ಆಫೀಸ್ ಮೀಟಿಂಗ್ ನಡುವೆ ಕರೆಂಟ್ ಹೋಯ್ತು. "ಬ್ಯಾಕಪ್ ಇದೆ ಸರ್" ಅಂತ ಮ್ಯಾನೇಜರ್‌ಗೆ ದೊಡ್ಡದಾಗಿ ಹೇಳಿದ್ದೆ. ಮುಕ್ಕಾಲು ತಾಸಿಗೆ ರೌಟರ್ ಆಫ್. ಮುಕ್ಕಾಲು ತಾಸು!

ಕೇಳಲು ಹೋದರೆ "ನಿಮ್ ರೌಟರೇ ಜಾಸ್ತಿ ಎಳೀತದ್ರಿ" ಅಂತೆ. ನನ್ನ ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪ್ ಅಂತಿದೆ. ಹೆಚ್ಚೆಂದರೆ 12 ವ್ಯಾಟ್. ಎಂಎಎಚ್ ಲೆಕ್ಕ ಒಳಗಿನ ಸೆಲ್‌ನ 3.7 ವೋಲ್ಟ್‌ಗೆ ಹಾಕುವುದು. 10000 ಎಂಎಎಚ್ ಅಂದರೆ 10 ಆಂಪ್-ಅವರ್. ಅದು ನಿಜವಾಗಿದ್ದರೆ 3.7ರಿಂದ ಗುಣಿಸಿ 37 ವ್ಯಾಟ್-ಅವರ್ ಆಯ್ತು, ಅಂದರೆ 12 ವ್ಯಾಟ್‌ಗೆ ಮೂರು ತಾಸು. ಸ್ವಲ್ಪ ನಷ್ಟ ಹೋದರೂ ಎರಡೂವರೆ ತಾಸು ಬರಬೇಕು, ಅಲ್ವಾ? ಇದನ್ನು ಹೇಳಿದ್ದಕ್ಕೆ ಬಂದ ಉತ್ತರ ಕೇಳಿ: "ಬಿಸಿಲಿಗಿ ಬ್ಯಾಟರಿ ಹಂಗೇ ರೀ." ಮಾರುವಾಗ ಕಲಬುರಗಿ ಬಿಸಿಲು ಗೊತ್ತಿರಲಿಲ್ವಾ ಇವರಿಗೆ?

ಸಿಟ್ಟಿಗೆ ಮನೆಯಲ್ಲಿ ಸ್ಕ್ರೂ ಬಿಚ್ಚಿದೆ. ನಾಲ್ಕು ಸೆಲ್ ಕೂರುವ ಜಾಗದಲ್ಲಿ ಎರಡೇ ನೀಲಿ ಸೆಲ್, 18650 ಅಂತಾರಲ್ಲ, ಆ ಅಳತೆಯವು. ಉಳಿದ ಜಾಗದಲ್ಲಿ ಬಿಳಿ ಅಂಟು ಹಾಕಿ ಕೂರಿಸಿದ ಕಬ್ಬಿಣದ ಪಟ್ಟಿ, ತೂಕಕ್ಕೆ! ಸದ್ಯ, ಶಹಾಬಾದ್ ಕಲ್ಲು ಇಟ್ಟಿರಲಿಲ್ಲ. ಸೆಲ್ ಮೇಲೆ ಕಂಪನಿ ಹೆಸರಿಲ್ಲ, ಬ್ಯಾಟರಿ ಸುರಕ್ಷತೆಯ ಐಎಸ್ 16046 ಗುರುತೂ ಇಲ್ಲ. ಆ ಅಳತೆಯ ಸೆಲ್ ಒಳ್ಳೆ ಕಂಪನಿಯದ್ದಾದರೂ ಒಂದರಲ್ಲಿ 3500 ಎಂಎಎಚ್ ಸುತ್ತಮುತ್ತ ಸಿಗುತ್ತೆ. ಎರಡರಲ್ಲಿ 10000 ಎಲ್ಲಿಂದ ಬಂತು?

ಫೋಟೋ ತೋರಿಸಿದೆ. ಮುಖ ಕೂಡ ಎತ್ತದೆ "ನೀವ್ ಬಿಚ್ಚೀರಿ ಅಂದ್ಮ್ಯಾಲ ವಾರಂಟಿ ಹೋತ್ರಿ" ಅಂದರು. ಪಕ್ಕದಲ್ಲಿದ್ದ ಹುಡುಗ ನಕ್ಕ. ಮೈಯೆಲ್ಲ ಉರಿದುಹೋಯ್ತು. ಕಬ್ಬಿಣ ತುಂಬಿದ್ದು ನಾನಾ?

ನೀವು ಕೊಳ್ಳುವುದಾದರೆ ಎಂಎಎಚ್ ಬಿಡಿ, ವ್ಯಾಟ್-ಅವರ್ ಎಷ್ಟು ಅಂತ ಕೇಳಿ. ರೌಟರ್ 9 ವೋಲ್ಟ್‌ದೋ 12ದೋ ನೋಡಿಕೊಳ್ಳಿ, ತಪ್ಪಾದರೆ ಅದೂ ಸುಟ್ಟೀತು. ಜಿಎಸ್‌ಟಿ ಬಿಲ್ ಕೊಡದ ಅಂಗಡಿಯಿಂದ ಎದ್ದು ಬನ್ನಿ. ಗ್ರಾಹಕರ ಸಹಾಯವಾಣಿ 1915ಕ್ಕೆ ನಾನು ದೂರು ಕೊಡ್ತಿದ್ದೀನಿ. ಕೈಯಲ್ಲಿರೋದು ಆ ಕಚ್ಚಾ ಚೀಟಿ ಮತ್ತು ಕಬ್ಬಿಣದ ಪಟ್ಟಿಯ ಫೋಟೋ ಮಾತ್ರ.