ಹಳಿ ಕೀಳದೆ ಕೂರಿಸಿದ ಮ್ಯಾಗ್ನೆಟ್

ನನ್ನ ಎಚ್‌ಒ (1:87 ಅಳತೆಯ) ಮಾದರಿ ರೈಲಿನ ಲೇಔಟಿನಲ್ಲಿ, ಕೈ ಹಾಕದೆ ವ್ಯಾಗನ್ ಬಿಡಿಸಲು ಹಳಿಯ ಬಳಿ ಮ್ಯಾಗ್ನೆಟ್ ಬೇಕಿತ್ತು. ಆದರೆ ಜಲ್ಲಿಯೆಲ್ಲ ಅಂಟಿಸಿ ಆಗಿತ್ತು. ಅದನ್ನು ಕಿತ್ತು ಕೆಳಗೆ ಮ್ಯಾಗ್ನೆಟ್ ಹಾಕಲು ಮನಸ್ಸಾಗಲಿಲ್ಲ. ಅದಕ್ಕೇ ಕೇಡೀ ಕಂಪನಿಯ 321 ನಂಬರಿನ ಮ್ಯಾಗ್ನೆಟ್ ತರಿಸಿದೆ. ಇದು ಎರಡು ಹಳಿಗಳ ನಡುವೆಯೇ ಕೂರುತ್ತದೆ. ನನ್ನದು ಕೋಡ್ 100 ಹಳಿ (ಕೋಡ್ ಅಂದರೆ ಹಳಿಯ ಎತ್ತರ, ಇಂಚಿನ ಸಾವಿರದ ಭಾಗಗಳಲ್ಲಿ). ಕೋಡ್ 83 ಇದ್ದವರು 312 ತಗೊಳ್ಳಿ.

ಮ್ಯಾಗ್ನೆಟ್ ಮೇಲೆ ನಿಲ್ಲಿಸಿ ಎಂಜಿನನ್ನು ಒಂಚೂರು ಹಿಂದೆ ತಳ್ಳಿದರೆ, ಕಪ್ಲರ್ (ಬಂಡಿಗಳನ್ನು ಜೋಡಿಸುವ ಕೊಕ್ಕೆ) ಕೆಳಗಿನ ಬಾಗಿದ ತಂತಿಗಳು ಒಂದೊಂದು ಹಳಿಯ ಕಡೆ ಸರಿಯುತ್ತವೆ. ಕೊಕ್ಕೆ ಬಾಯಿ ಬಿಡುತ್ತದೆ. ಎಂಜಿನನ್ನು ಒಂಚೂರು ಮುಂದೆ ಎಳೆದು ಬಿಡಿಸಿಕೊಂಡು, ಮತ್ತೆ ಹಿಂದೆ ತಳ್ಳುತ್ತಾ ಹೋಗಿ ವ್ಯಾಗನನ್ನು ಬೇಕಾದ ಕಡೆ ಬಿಟ್ಟು ಬರಬಹುದು. ಕೈ ಹಾಕಬೇಕಾಗಿಯೇ ಇಲ್ಲ, ಎಷ್ಟು ಚೆಂದ ಅಲ್ವಾ!

ಗಾಲಿಗಳಿಗೆ ಉಕ್ಕಿನ ಅಚ್ಚಿದ್ದ ಎರಡು ಹಗುರ ವ್ಯಾಗನ್‌ಗಳನ್ನು ಮಾತ್ರ ಮ್ಯಾಗ್ನೆಟ್ ತನ್ನತ್ತ ಎಳೆಯುತ್ತಿತ್ತು. ಹಿತ್ತಾಳೆ ಅಚ್ಚು ಹಾಕಿದೆ, ಸರಿಹೋಯಿತು. ಜಾಗ ನೇರ ಹಳಿಯಲ್ಲೇ ಇರಲಿ. ಅಂಟಿಸುವ ಮೊದಲು ಟೇಪ್ ಹಾಕಿ ನಾಲ್ಕು ಸಲ ಓಡಿಸಿ ನೋಡಿ.