ಎಸಿಎಲ್ ಆಪರೇಷನ್ ನಂತರ ಐಸ್ ನೀರಿನ ಪಟ್ಟಿ: ವರ್ಷ ಬಳಸಿದ ಮೇಲೆ

ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಕಟ್ಟು) ಆಪರೇಷನ್ ಆದ ಮೇಲೆ ಮಂಡಿ ನೋವಿಗೆ ಅಂತ ಈ ಐಸ್ ನೀರಿನ ಪಟ್ಟಿ ತೆಗೆದುಕೊಂಡೆ. ವರ್ಷ ದಾಟಿದೆ, ಇನ್ನೂ ಹಾಳಾಗಿಲ್ಲ. ಆದರೆ ನೋವು ಓಡಿಸಿದ್ದು ಇದೇನಾ ಅಂತ ಕೇಳಿದರೆ, ಅರ್ಧ ಮಾತ್ರ ಹೌದು.

ಮಂಡಿಗೆ ಸುತ್ತುವ ಚೀಲದಂಥ ಪಟ್ಟಿ, ಒಂದು ಡಬ್ಬಿ, ನಡುವೆ ಪೈಪು. ಇಷ್ಟೇ. ಡಬ್ಬಿಗೆ ಐಸ್, ನೀರು ತುಂಬಿ ಮಂಡಿಗಿಂತ ಮೇಲಿಟ್ಟರೆ ನೀರು ಇಳಿದು ಪಟ್ಟಿ ಉಬ್ಬುತ್ತದೆ, ತಣ್ಣಗೆ ಅದುಮಿ ಹಿಡಿಯುತ್ತದೆ. ತಣುಪು ಹೋದಾಗ ಡಬ್ಬಿ ಕೆಳಗಿಟ್ಟರೆ ನೀರು ವಾಪಸ್. ಕರೆಂಟು ಬೇಡ, ಮೋಟಾರ್ ಸದ್ದಿಲ್ಲ. ಐಸ್ ತುಂಡುಗಳ ಬದಲು ಚಿಕ್ಕ ಬಾಟಲಿಗಳಲ್ಲಿ ನೀರು ಗಟ್ಟಿ ಮಾಡಿ ಹಾಕಿ, ಜಾಸ್ತಿ ಹೊತ್ತು ಬರುತ್ತದೆ.

ಮೊದಲ ಕೆಲವು ವಾರ ಇದಿಲ್ಲದೆ ಆಗುತ್ತಿರಲಿಲ್ಲ. ಊತಕ್ಕೆ ಮಂಡಿಚಿಪ್ಪಿನ ಅಕ್ಕಪಕ್ಕದ ತಗ್ಗು ಮುಚ್ಚಿಹೋಗಿತ್ತು. ತೊಡೆ ಬಿಗಿ ಮಾಡೋಣ ಅಂದರೆ ಸ್ನಾಯು ಮಾತೇ ಕೇಳುತ್ತಿರಲಿಲ್ಲ. ಮಂಡಿಯೊಳಗೆ ನೀರು ತುಂಬಿದ್ದರೆ ಹಾಗೇ ಆಗುತ್ತದೆ, ನರಗಳು ಆ ಸ್ನಾಯುವನ್ನು ತಡೆಹಿಡಿಯುತ್ತವೆ ಅಂದರು ಫಿಸಿಯೋ. ಕಾಲು ಎತ್ತರಕ್ಕಿಟ್ಟು, ಪಟ್ಟಿ ಕಟ್ಟಿ 15-20 ನಿಮಿಷ ಮಲಗಿದರೆ ನೋವು ಮಂಕಾಗುತ್ತಿತ್ತು. ಆ ಬಿಡುವಿನಲ್ಲೇ ವ್ಯಾಯಾಮ ಮುಗಿಸುತ್ತಿದ್ದೆ.

ಆಮೇಲೆ ಬಂದದ್ದು ಬೇರೆ ನೋವು. ಮೆಟ್ಟಿಲು ಇಳಿಯುವಾಗ ಚಿಪ್ಪಿನ ಕೆಳಗೆ ಚುಚ್ಚುವಂಥದ್ದು. ಎಷ್ಟು ಐಸ್ ಹಾಕಿದರೂ ಮಾರನೇ ದಿನ ಮತ್ತೆ ಅದೇ ಕತೆ. ಅಂಗಾತ ಮಲಗಿದರೆ ಮಂಡಿಯ ಹಿಂದೆ ಬೆರಳು ತೂರುವಷ್ಟು ಸಂದಿ ಇತ್ತು, ಅಂದರೆ ಕಾಲು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿ ತಾನಾಗಿ ಇಳಿಯಲು ಬಿಡುವುದು, ಗೋಡೆಗೆ ಒರಗಿ ಅರ್ಧ ಕೂರುವುದು, ಮುಂದೆ ಲೆಗ್ ಪ್ರೆಸ್. ಈ ನೋವು ಇಳಿದದ್ದು ಇವುಗಳಿಂದ. ತೊಡೆ ತುಂಬಿಕೊಂಡ ಮೇಲೆ ಮೆಟ್ಟಿಲು ಸಲೀಸಾಯಿತು. ಈಗ ಜಿಮ್‌ನಲ್ಲಿ ಸ್ವಲ್ಪ ಜಾಸ್ತಿಯಾಗಿ ಸಂಜೆ ಮಂಡಿ ಊದಿದರೆ ಮಾತ್ರ ಪಟ್ಟಿ ಹೊರಗೆ ಬರುತ್ತದೆ.

ಕೊರತೆಗಳೂ ಇವೆ. ಪಟ್ಟಿಯ ಹೊರಗೆ ನೀರು ಬೆವರಿ ಹಾಸಿಗೆ ಒದ್ದೆಯಾಗುತ್ತದೆ. ಹೊಲಿಗೆ ಹಸಿಯಿರುವಾಗ ಡ್ರೆಸಿಂಗ್ ನೆನೆಯದಂತೆ ನೋಡಿಕೊಳ್ಳಬೇಕು. ವೆಲ್ಕ್ರೋಗೆ ದಾರ, ಕೂದಲು ಮೆತ್ತಿಕೊಂಡು ಈಗ ಸರಿಯಾಗಿ ಅಂಟುವುದಿಲ್ಲ. ಪೈಪಿನ ತುದಿ ಬಿಚ್ಚುವಾಗ ನಾಲ್ಕು ಹನಿ ಗ್ಯಾರಂಟಿ.

ಒಂದು ಎಚ್ಚರ. ಗಾಯದ ಪಕ್ಕದ ಚರ್ಮ ಬಹಳ ಜನಕ್ಕೆ ಮರಗಟ್ಟಿರುತ್ತದೆ, ನನಗೂ ಅಷ್ಟೇ. ಅಲ್ಲಿ ತಣುಪು ಸುಟ್ಟರೂ ಗೊತ್ತಾಗುವುದಿಲ್ಲ. ನಡುವೆ ಬಟ್ಟೆ ಇರಲೇಬೇಕು, ಕಟ್ಟಿಕೊಂಡು ನಿದ್ದೆ ಹೋಗಬೇಡಿ. ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರ ಬಂದರೆ, ಐಸ್ ಇಟ್ಟುಕೊಂಡು ಸುಮ್ನೆ ಕೂರದೆ ಡಾಕ್ಟರಿಗೆ ಫೋನ್ ಮಾಡಿ.

ನನ್ನದು ಚಿಪ್ಪಿನ ಕೆಳಗಿನ ಟೆಂಡನ್‌ನಿಂದ (ಗಟ್ಟಿ ನಾರಿನ ಪಟ್ಟಿ) ತೆಗೆದ ಗ್ರಾಫ್ಟ್, ಅಂದರೆ ಹರಿದ ಎಸಿಎಲ್ ಜಾಗಕ್ಕೆ ಕೂರಿಸುವ ತುಂಡು. ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಗ್ರಾಫ್ಟ್‌ಗಿಂತ ಇದರಲ್ಲಿ ಮಂಡಿಯೂರುವಾಗ ನೋವು ಜಾಸ್ತಿ ಅನ್ನುವುದು ಗೊತ್ತಿರುವ ವಿಷಯವೇ. ಅದು ಇನ್ನೂ ಸ್ವಲ್ಪ ಉಳಿದಿದೆ, ಪಟ್ಟಿಯಿಂದ ಅದಕ್ಕೇನೂ ಆಗಿಲ್ಲ. ಆಪರೇಷನ್‌ಗೆ ಮುಂಚೆಯೇ ತಂದಿಟ್ಟುಕೊಳ್ಳುವವರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ತಿಂಗಳುಗಟ್ಟಲೆ ಹಳೆಯ ನೋವಿಗೆ ಅಂತ ನೋಡುತ್ತಿದ್ದರೆ ಎರಡು.