ಸ್ಟೋರಿವೀವರ್‌ನ ಕನ್ನಡ ಕಥೆಗಳು: ಗ್ರಂಥಾಲಯದ ಗಟ್ಟಿ ಓದಿಗೆ ಎಷ್ಟು ಒದಗುತ್ತವೆ?

ಬೆಂಗಳೂರಿನ ಮಕ್ಕಳ ಪುಸ್ತಕ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಪುಕ್ಕಟೆ ಸಿಗುತ್ತವೆ. ಚಿತ್ರಪುಸ್ತಕಗಳಿಗೆ ದುಡ್ಡು ಸಾಲದ ಪಂಚಾಯಿತಿ ಗ್ರಂಥಾಲಯಕ್ಕೆ ಇದು ದೊಡ್ಡ ಆಸರೆ. ಸಿಸಿ ಬೈ 4.0 ಎಂಬ ಮುಕ್ತ ಬಳಕೆಯ ಪರವಾನಗಿ ಇರುವುದರಿಂದ ಮುದ್ರಿಸಿ ಹಂಚಬಹುದು, ಪದ ಬದಲಿಸಲೂಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಮಾತ್ರ ಬಿಡುವಂತಿಲ್ಲ. ಆ ವಿವರ ಪಿಡಿಎಫ್‌ನ ಕೊನೆಯಲ್ಲಿರುತ್ತದೆ; ಕಾಗದ ಉಳಿಸಲು ಅದನ್ನು ಕೈಬಿಡಬೇಡಿ.

ಎಡವುವುದು ಕಥೆಗಳಿಗೆ ಹಾಕಿರುವ ಓದಿನ ಹಂತದ ಗುರುತಿನಲ್ಲಿ. 1ನೇ ಹಂತಕ್ಕೆ 250 ಪದದೊಳಗೆ, 2ಕ್ಕೆ 600ರವರೆಗೆ, 3ಕ್ಕೆ 1500ರವರೆಗೆ ಎಂಬ ಅಳತೆ ಇದೆ. ಕನ್ನಡದಲ್ಲಿ ಪದ ಎಣಿಸಿದರೆ ಸಾಲದು. ಇಂಗ್ಲಿಷಿನ ನಾಲ್ಕು ಪದ ಇಲ್ಲಿ ‘ಓಡಿಹೋಗುತ್ತಿದ್ದಳು’ ಎಂದು ಒಂದೇ ಆಗುತ್ತದೆ. ಎಣಿಕೆ ಇಳಿದರೂ ಓದು ಭಾರ. ‘ಬೆಕ್ಕು’, ‘ಅಜ್ಜಿ’ ತರಹದ ಸಜಾತಿ ಒತ್ತಕ್ಷರ (ಅಕ್ಷರಕ್ಕೆ ಅದರದೇ ಒತ್ತು) ಮಕ್ಕಳಿಗೆ ಬೇಗ ಹತ್ತುತ್ತದೆ. ‘ಸ್ವಚ್ಛ’, ‘ಆಶ್ಚರ್ಯ’ ಬಂದಲ್ಲಿ ಗಾಡಿ ನಿಲ್ಲುತ್ತದೆ. ಈಗಷ್ಟೇ ಓದು ಕಲಿಯುತ್ತಿರುವ ಮಗುವಿನ ಕೈಗೆ ಕೊಡುವ ಕಥೆಯಲ್ಲಿ ಇಂಥವು ಪುಟಕ್ಕೆ ಎರಡು ಮೀರದಿರಲಿ. ನೀವೇ ಓದಿ ಹೇಳುವುದಾದರೆ ಈ ಲೆಕ್ಕ ಬೇಡ.

ಬಳಕೆದಾರರ ಅನುವಾದಗಳೂ ಇರುವುದರಿಂದ ಭಾಷೆಯ ಗುಣ ಒಂದೇ ಸಮ ಇಲ್ಲ. ‘ಅವಳಿಂದ ಮಾಡಲ್ಪಟ್ಟಿತು’ ಎಂಬ ಧಾಟಿ ಕಂಡರೆ ಮುಂದಿನ ಕಥೆಗೆ ಹೋಗಿ. ಮಕ್ಕಳ ಮುಂದೆ ಕೂರುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ ಇದು ತಾನೇ ಗೊತ್ತಾಗುತ್ತದೆ.

ಮೊಬೈಲಿನಲ್ಲಿ ತೋರಿಸಿದರೆ ಪಕ್ಕದ ಇಬ್ಬರಿಗಷ್ಟೇ ಚಿತ್ರ ಕಾಣುತ್ತದೆ. ಎ4 ಹಾಳೆಯಲ್ಲಿ ಅಡ್ಡಕ್ಕೆ, ಒಂದೇ ಮಗ್ಗುಲಿಗೆ ಮುದ್ರಿಸಿ ಎಡಕ್ಕೆ ಹೊಲಿದರೆ ಹದಿನೈದು ಮಕ್ಕಳಿಗೆ ಸಾಕು. ಕಿಟಕಿಗೆ ಬೆನ್ನು ಮಾಡಿ ಕೂರಬೇಡಿ, ಪುಟ ಕಪ್ಪಾಗಿ ಕಾಣುತ್ತದೆ. ಪುಸ್ತಕ ಎದೆಗವಚದೆ ಪಕ್ಕಕ್ಕೆ, ಮಕ್ಕಳ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಮೊದಲ ಸಲ ಊರ ಮಾತಿನಲ್ಲೇ, ‘ಹೋಗ್ತಾನ’, ‘ಬರ್ತಾಳ’ ಎಂದು ಹೇಳಿ; ಎರಡನೇ ಸಲ ಅಚ್ಚಾದಂತೆ, ಸಾಲಿನ ಕೆಳಗೆ ಬೆರಳು ಸರಿಸುತ್ತಾ ಓದಿ. ಆಗ ‘ಹೋಗುತ್ತಾನೆ’ ಪರಕೀಯ ಅನ್ನಿಸುವುದಿಲ್ಲ. ಕಥೆ ಮುಗಿದ ಕೂಡಲೇ ಪ್ರಶ್ನೆ ಕೇಳಿದರೆ ಅದು ಪರೀಕ್ಷೆಯಾಗುತ್ತದೆ. ಪ್ರತಿಯನ್ನು ಬೀರುವಿನಲ್ಲಿ ಇಡದೆ ಚಾಪೆಯ ಮೇಲೆಯೇ ಬಿಟ್ಟು ಏಳಿ.